ಕೇಳದೆ ನಿಂತ ಕಾರು

ಹಾಸನದಿಂದ ಬಸ್ಸು ಹೊರಟಾಗ ಬೆಳಗಿನ ಆರೂವರೆ. ಟಿಕೇಟು ಐದು ರೂಪಾಯಿಯ ಒಳಗಿತ್ತು. ಸರಿಯಾಗಿ ಎಷ್ಟೆಂದು ಡೈರಿಯಲ್ಲಿ ಬರೆದ ಜಾಗದ ಮೇಲೆ ಕಾಫಿ ಬಿದ್ದು ಅಕ್ಷರ ಕಲಸಿಹೋಗಿದೆ. ಅದನ್ನು ನೆನಪಿನಿಂದ ತುಂಬಿಸುವುದಕ್ಕೆ ನನಗೆ ಇಷ್ಟವಿಲ್ಲ. ಈ ಪ್ರಯಾಣದ ಮಟ್ಟಿಗೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಡೈರಿಯಲ್ಲಿ ಇಲ್ಲದ್ದನ್ನು ಇಲ್ಲವೆಂದೇ ಹೇಳುತ್ತೇನೆ.

ಹೋದದ್ದು ಅಣ್ಣನ ಕಾರು ತರಲು. ಅಣ್ಣ ಒಂದು ಔಷಧ ಕಂಪನಿಯ ಪ್ರತಿನಿಧಿಯಾಗಿ ಆರು ವರ್ಷ ಮಂಗಳೂರಿನಲ್ಲಿದ್ದ. ಮದುವೆಯಾಗಿರಲಿಲ್ಲ. ಕುಲಶೇಖರದಲ್ಲಿ ಸೆರಾಫಿನ್ ಬಾಯಿ ಎಂಬ ನಿವೃತ್ತ ಶಿಕ್ಷಕಿಯ ಮನೆಯ ಹೊರಕೋಣೆ ಅವನ ಬಿಡಾರ. ಜೂನ್ ತಿಂಗಳಲ್ಲಿ ಕಾಮಾಲೆಯಾಗಿ ಆಸ್ಪತ್ರೆ ಸೇರಿದವನು ಮರಳಲಿಲ್ಲ. ಕಾರು ಬಾಯಿಯ ಹಿತ್ತಲಿನಲ್ಲೇ ಉಳಿಯಿತು. ಡಿಸೆಂಬರ್ ರಜೆ ಬಂದಾಗ, ಕಾರು ತರುತ್ತೇನೆಂದು ಮನೆಯವರಿಗೆ ನಾನೇ ಹೇಳಿದೆ.

ಬಸ್ಸು ಚಾರ್ಮಾಡಿ ಘಟ್ಟ ಇಳಿಯುವಾಗ ತಿರುವುಗಳನ್ನು ಎಣಿಸಲು ಹೊರಟು ಏಳಕ್ಕೇ ಬಿಟ್ಟೆ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಮಂಜು. ಮಂಜಿನ ಕೆಳಗೆ ಏನಿದೆಯೆಂದು ಕಾಣದಿರುವುದೇ ಒಳ್ಳೆಯದೆನಿಸಿತು. ಇದೇ ದಾರಿಯಲ್ಲಿ ಅಣ್ಣನ ಕಾರನ್ನು ನಾನು ಹತ್ತಿಸಬೇಕು. ಆರು ತಿಂಗಳು ನಿಂತ ಕಾರಿನ ಬ್ರೇಕನ್ನು ಯಾರು ನೋಡಬೇಕು ಎಂಬ ಪ್ರಶ್ನೆ ಆಗ ತಲೆಗೆ ಹೊಕ್ಕದ್ದು ಮಂಗಳೂರಿನವರೆಗೂ ಬಿಡಲಿಲ್ಲ.

ಸೆರಾಫಿನ್ ಬಾಯಿಗೆ ಅರವತ್ತರ ಮೇಲಾಗಿತ್ತು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಪಾಠ ಹೇಳುವಂಥ ಸ್ಪಷ್ಟ ಕನ್ನಡ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನೆಂದು ತಿಳಿದ ಮೇಲೆ "ಮಾಸ್ಟ್ರೇ" ಎಂದು ಕರೆಯತೊಡಗಿದರು. ಕುಚ್ಚಲಕ್ಕಿ ಅನ್ನ, ಬಸಳೆಯ ಸಾರು ಬಡಿಸಿ, ಮೊದಲು ಹೇಳಿದ್ದೇ ಕಾರಿನ ಮಾತು.

"ನಿಮ್ಮ ಅಣ್ಣ ಆಸ್ಪತ್ರೆಗೆ ಹೋಗುವ ದಿನ ಹೇಳಿದ್ದು ಒಂದೇ. ಬಾಯಿ, ಬ್ರೇಕಿನ ಎಣ್ಣೆ ಮಾತ್ರ ಕಡಿಮೆ ಆಗದ ಹಾಗೆ ನೋಡಿಕೊಳ್ಳಿ ಅಂತ. ಮುಚ್ಚಳ ಎಲ್ಲಿ ಉಂಟು ಅಂತ ತೋರಿಸಿಯೂ ಕೊಟ್ಟರು. ನಾನು ಒಂದು ತಿಂಗಳೂ ತಪ್ಪಿಸಲಿಲ್ಲ. ಮೊದಲ ಶನಿವಾರ ಬಂತು ಅಂದ್ರೆ ಎಣ್ಣೆ ನೋಡ್ತೇನೆ."

"ಉಪಕಾರವಾಯಿತು. ಹಾಗಾದರೆ ನಾಳೆ ಯಾವುದಾದರೂ ಗ್ಯಾರೇಜಿಗೆ ತೋರಿಸೋಣವೇ?"

"ಗ್ಯಾರೇಜಾ?" ಅವರ ಮುಖ ಬಿಗಿಯಿತು. "ಬ್ರೇಕಿಗೆ ಹೊರಗಿನವರ ಕೈ ಬೀಳ್ಲಿಕ್ಕೆ ಅವರು ಬಿಡ್ತಿರಲಿಲ್ಲ. ನೀವು ಕಲಿತವರು, ಅವರ ಸ್ವಂತ ತಮ್ಮ. ನೀವೇ ಮಾಡಿ."

ನನಗೆ ಹೆಮ್ಮೆಯಾಯಿತು. ಒಂದು ಕಾಲಿನ ಒತ್ತಡ ದ್ರವದ ಮೂಲಕ ನಾಲ್ಕು ಚಕ್ರಗಳಿಗೂ ಹೇಗೆ ಹಂಚಿಕೆಯಾಗುತ್ತದೆ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸುವವನು ನಾನು.

ಮರುದಿನ ಬುಧವಾರ. ಬ್ಯಾಟರಿಯನ್ನು ಚಾರ್ಜಿಗೆ ಕೊಟ್ಟು ಬಂದು ಕಾರಿನ ಹತ್ತಿರ ಹೋದೆ. ತೆಂಗಿನ ಮಡಲಿನ ಚಪ್ಪರದಡಿ ಕಪ್ಪು ಬಣ್ಣದ ಹಳೆಯ ಕಾರು ಧೂಳಿಲ್ಲದೆ ನಿಂತಿತ್ತು. ಬ್ರೇಕಿನ ಎಣ್ಣೆಯ ಡಬ್ಬಿ ಅದರಲ್ಲಿ ಡ್ರೈವರ್ ಕಾಲಿಡುವ ಜಾಗದಲ್ಲೇ ಇದೆ. ಚಾಪೆ ಎತ್ತಿ, ಹಲಗೆ ಸರಿಸಿ, ಮುಚ್ಚಳ ತಿರುಗಿಸಬೇಕು. ಪೆಡಲಿನ ರಬ್ಬರು ಒಂದು ಮಗ್ಗುಲಲ್ಲಿ ಮಾತ್ರ ಸವೆದಿತ್ತು, ಅಣ್ಣನ ಬಲಗಾಲು ಓರೆಯಾಗಿ ಬೀಳುತ್ತಿತ್ತು. ಅದರ ಮೇಲೆ ಕಾಲಿಟ್ಟಾಗ ನನ್ನ ಕಾಲೂ ತಾನಾಗಿಯೇ ಓರೆಯಾಯಿತು. ಡಬ್ಬಿಯ ತುಂಬ ತಿಳಿಯಾದ ದ್ರವ. ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ತಿರುಗಿಸಿ ನೋಡಿದೆ, ಪೈಪು ಸೋರುತ್ತಿಲ್ಲವೆಂದು ಖಚಿತ ಮಾಡಿಕೊಂಡೆ. "ಬ್ರೇಕು ಸರಿಯಾಗಿದೆ. ನಾನೇ ಪರೀಕ್ಷಿಸಿದೆ" ಎಂದು ಡೈರಿಯಲ್ಲಿದೆ. "ನಾನೇ" ಎಂಬುದರ ಕೆಳಗೆ ಗೆರೆಯೂ ಇದೆ.

ಗುರುವಾರ ಮಧ್ಯಾಹ್ನ ಮೂರಕ್ಕೆ ಒಬ್ಬನೇ ಪರೀಕ್ಷೆಗೆಂದು ವಾಮಂಜೂರಿನ ಕಡೆ ಹೊರಟೆ. ಬಿಸಿಲು ಚೆನ್ನಾಗಿತ್ತು. ಬ್ರೇಕು ಮುಟ್ಟಿದರೆ ಸಾಕು, ಹಿಡಿಯುತ್ತಿತ್ತು. ಮನೆಗಳು ಮುಗಿದು ಗದ್ದೆಗಳು ಶುರುವಾಗುವ ಕಡೆ ಕಾರು ಭಾರವಾದಂತೆ ಅನಿಸಿತು, ಹಿಂದಿನ ಸೀಟಿನಲ್ಲಿ ಯಾರೋ ಹತ್ತಿ ಕುಳಿತ ಹಾಗೆ. ಆಮೇಲೆ ಒಂದು ವಾಸನೆ ಬಂತು. ತಲೆಗೆ ಹಚ್ಚಿದ ತೆಂಗಿನೆಣ್ಣೆಯ ವಾಸನೆ.

ನಮ್ಮ ಮನೆಯಲ್ಲಿ ತಲೆಗೆ ಹರಳೆಣ್ಣೆ. ತೆಂಗಿನೆಣ್ಣೆ ಅಣ್ಣ ಮಂಗಳೂರಿಗೆ ಬಂದ ಮೇಲೆ ಹಿಡಿದ ಅಭ್ಯಾಸ. ರಜೆಗೆ ಬಂದರೆ ಅವನು ಮಲಗಿದ ದಿಂಬಿಗೆಲ್ಲ ಅದೇ ವಾಸನೆ. ಆ ವಾಸನೆ ನನಗೆ ಆ ಕ್ಷಣಕ್ಕೇ ಅಣ್ಣನನ್ನು ನೆನಪಿಸಿತೋ, ಮನೆಗೆ ಬಂದು ಬರೆಯುವಾಗ ನಾನು ಹಾಗೆ ಜೋಡಿಸಿದೆನೋ, ಹೇಳಲಾರೆ. ಹಿಂದಿನ ಸೀಟಿನತ್ತ ತಿರುಗಿ ನೋಡಿದ್ದು ಮಾತ್ರ ನಿಜ. ನನ್ನ ಕಾಲು ಆಕ್ಸಿಲರೇಟರಿನ ಮೇಲಿತ್ತು. ಕಾರು ನಿಧಾನವಾಗುತ್ತ ಬಂದು, ರಸ್ತೆಯ ಪಕ್ಕದ ಒಂದು ಗೋಳಿಮರದ ಕೆಳಗೆ ತಾನಾಗಿ ನಿಂತಿತು. ಎಂಜಿನ್ ಉಸಿರು ಕಟ್ಟಿ ಆರಿತು.

ಮರದಡಿ ಬೊಂಡ ಮಾರುವ ಮುದುಕನೊಬ್ಬ ಕುಳಿತಿದ್ದ. ಕಾರನ್ನು ನೋಡಿದವನೇ ಕತ್ತಿ ಎತ್ತಿ ಎಳನೀರು ಕೆತ್ತತೊಡಗಿದ.

"ತುಂಬಾ ಸಮಯ ಆಯ್ತಲ್ಲ ಈ ಕಡೆ ಬಾರದೆ" ಎಂದ, ತಲೆ ಎತ್ತದೆ.

"ನಾನು ಈ ಕಡೆ ಬರುವುದು ಇದೇ ಮೊದಲು" ಎಂದೆ.

ಆಗ ನನ್ನ ಮುಖ ನೋಡಿದ. ಕತ್ತಿ ನಿಂತಿತು. "ಈ ಕಾರಿನವರು ದಿನಾ ಇಲ್ಲಿಯೇ ನಿಲ್ಲಿಸುವುದು. ನೀವೂ ಇಲ್ಲಿಯೇ ನಿಲ್ಲಿಸಿದ್ರಿ."

"ನಾನು ನಿಲ್ಲಿಸಲಿಲ್ಲ. ಅದಾಗಿಯೇ ನಿಂತಿತು."

"ಎಂತ ಮಾರಾಯ್ರೆ, ತಮಾಷೆ ಮಾಡ್ತೀರಾ? ಬ್ರೇಕ್ ಒತ್ತಿದ್ದೀರಲ್ಲ. ಹಿಂದೆ ಕೆಂಪು ದೀಪ ಈಗಲೂ ಉರಿತಾ ಉಂಟು."

ನಾನು ಆಗಲೇ ಕಾರಿನಿಂದ ಇಳಿದಿದ್ದೆ. ಹಿಂದೆ ಹೋಗಿ ನೋಡಿದರೆ ಬ್ರೇಕಿನ ದೀಪ ಉರಿಯುತ್ತಿತ್ತು. ಪೆಡಲಿನ ಮೇಲೆ ಕಾಲಿಲ್ಲ. ಚಕ್ರದ ನಡುವೆ ಕೈಯಿಟ್ಟರೆ ಕಾವಲಿಯ ಹಾಗೆ ಸುಡುತ್ತಿತ್ತು. ಮುದುಕ ಕೆತ್ತಿದ ಬೊಂಡವನ್ನು ಕೈಗೆ ಕೊಡಲಿಲ್ಲ. ಬಾನೆಟ್ಟಿನ ಮೇಲಿಟ್ಟು ತನ್ನ ಜಾಗಕ್ಕೆ ಹೋದ. ಮುಕ್ಕಾಲು ಗಂಟೆಯ ಮೇಲೆ ದೀಪ ಆರಿತು, ಕಾರು ಹಗುರವಾಗಿ ಉರುಳಿತು. ಕುಲಶೇಖರ ತಲುಪುವಾಗ ಮತ್ತೆ ಭಾರವಾಗಿ, ಬಾಯಿಯ ಮನೆಯ ಗೇಟಿನ ಎದುರಿಗೇ ನಿಂತಿತು.

ಬಾಯಿ ಗೇಟಿನಲ್ಲಿದ್ದರು. ನಾನು ನಡೆದದ್ದನ್ನು ಹೇಳಿದೆ. ಅವರು ಶಿಲುಬೆಯ ಗುರುತು ಮಾಡಿಕೊಂಡು ಮೆಲ್ಲಗೆ ಹೇಳಿದರು: "ಅವರಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಕಾಣ್ತದೆ."

ವಿಜ್ಞಾನ ಓದಿದವನು ನಗಬೇಕಿತ್ತು. ನಗು ಬರಲಿಲ್ಲ. ನಾನು ಗದ್ದಲ ಮಾಡದೆ ಕಂಕನಾಡಿಗೆ ನಡೆದು, ಬ್ಯಾಟರಿ ಅಂಗಡಿಯವರು ಹೇಳಿದ ಮೆಕ್ಯಾನಿಕ್ ಸಂಜೀವಣ್ಣನನ್ನು ಕರೆತಂದೆ. ಐವತ್ತರ ಆಸುಪಾಸಿನ ತುಳು ಮನುಷ್ಯ, ಸೈಕಲಿಗೆ ತೂಗುಹಾಕಿದ ಖಾಕಿ ಚೀಲ. ಬಾಯಿ ಅವನಿಗೆ ಕುಳಿತುಕೋ ಎಂದೂ ಹೇಳದೆ ಒಳಗೆ ಹೋದರು.

ಸಂಜೀವಣ್ಣ ಕಾರಿನೊಳಗೆ ಕುಳಿತುಕೊಳ್ಳಲಿಲ್ಲ. ನೆಲದಲ್ಲಿ ಮಂಡಿಯೂರಿ ಪೆಡಲನ್ನು ಕೈಯಿಂದ ಒತ್ತಿ ನೋಡಿದ.

"ಕೈಯಿಂದ ಯಾಕೆ?" ಎಂದೆ.

"ಚಪ್ಪಲಿ ಹಾಕಿದ ಕಾಲಿಗೆ ಎಂತ ಗೊತ್ತಾಗ್ತದೆ ಸಾರ್?" ಡಬ್ಬಿಯಿಂದ ಸ್ವಲ್ಪ ದ್ರವವನ್ನು ಗಾಜಿನ ಲೋಟಕ್ಕೆ ತೆಗೆದು ಬಾವಿಕಟ್ಟೆಯ ಮೇಲಿಟ್ಟ. "ಈಗ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಹೇಳ್ತೇನೆ. ಲೋಟ ಯಾರೂ ಮುಟ್ಟಬೇಡಿ."

ಶುಕ್ರವಾರ ಬೆಳಿಗ್ಗೆ ಚಳಿ ಇತ್ತು. ಬಾವಿಯ ಹಗ್ಗದ ಮೇಲೆ ಇಬ್ಬನಿ. ಸಂಜೀವಣ್ಣ ಬಂದು ಲೋಟವನ್ನು ನನ್ನ ಮುಂದೆ ಹಿಡಿದ. ರಾತ್ರಿ ತಿಳಿಯಾಗಿದ್ದದ್ದು ಎರಡಾಗಿತ್ತು. ಅಡಿಯಲ್ಲಿ ತೆಳುವಾದ ದ್ರವ, ಮೇಲೆ ಬೆಳ್ಳಗೆ ಗಟ್ಟಿಯಾದ ಬಿಲ್ಲೆ. ಲೋಟ ಓರೆ ಮಾಡಿದರೂ ಬಿಲ್ಲೆ ಅಲುಗಲಿಲ್ಲ.

"ತೆಂಗಿನೆಣ್ಣೆ" ಎಂದ. "ಚಳಿಗೆ ಹೆಪ್ಪು ಕಟ್ಟಿತು. ಇದು ಕುಡಿದು ಒಳಗಿನ ರಬ್ಬರ್ ಉಬ್ಬಿದೆ. ಉಬ್ಬಿದ ರಬ್ಬರ್ ಒತ್ತಡ ಬಿಡುವುದಿಲ್ಲ. ಒತ್ತಡ ಇದ್ರೆ ದೀಪವೂ ಉರಿತದೆ, ಕಾಲು ಇರ್ಲಿ ಇಲ್ಲದಿರ್ಲಿ. ಮೊದಲು ಕೇಳದೆ ಹಿಡಿತದೆ ಸಾರ್. ಮತ್ತೆ ಒಂದು ದಿನ ಕೇಳಿದ್ರೂ ಹಿಡಿಯುವುದಿಲ್ಲ. ಘಟ್ಟದಲ್ಲಿ ಆಗಿದ್ರೆ?"

"ಯಾರು ಹಾಕಿದರು?" ಎಂದು ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತು. ಚಪ್ಪರದ ಕಂಬದ ಬಳಿ ತೆಂಗಿನೆಣ್ಣೆಯ ಹಸಿರು ಬಾಟಲಿಯೊಂದಿತ್ತು. ಬುಧವಾರವೇ ಅದನ್ನು ನೋಡಿದ್ದೆನೆಂದು ಈಗ ಅನಿಸುತ್ತದೆ. ಡೈರಿಯಲ್ಲಿಲ್ಲ.

ಅಣ್ಣ ಬಾಯಿಗೆ ಹೇಳಿಹೋದ ಮಾತನ್ನು ಸಂಜೀವಣ್ಣನಿಗೆ ತಿಳಿಸಿದೆ. ಅವನೂ ಬಾಟಲಿ ನೋಡಿ ತಲೆಯಾಡಿಸಿದ. "ಬಾಯಿಯದ್ದು ತಪ್ಪಲ್ಲ. ನಿಮ್ಮ ಅಣ್ಣ ಘಟ್ಟದ ಮೇಲಿನವರು, ಬರೀ ಎಣ್ಣೆ ಅಂತ ಹೇಳಿದ್ರು. ನಮ್ಮ ಊರಲ್ಲಿ ಬರೀ ಎಣ್ಣೆ ಅಂದ್ರೆ ಒಂದೇ. ಬೇರೆ ಎಣ್ಣೆಯಾದ್ರೆ ಹೆಸರು ಹೇಳ್ಬೇಕು. ನಿಮ್ಮ ಅಣ್ಣನೂ ಹೇಳಲಿಲ್ಲ, ಬಾಯಿಯೂ ಕೇಳಲಿಲ್ಲ." ಲೋಟವನ್ನು ಬಾಳೆಯ ಬುಡಕ್ಕೆ ತಟ್ಟಿದ. "ಇನ್ನು ಇದಕ್ಕೆ ಒಬ್ಬರದೇ ಕೈ ಇರ್ಲಿ. ನೀವು ಮಾಡುವುದಾದ್ರೆ ನೀವು. ನಾನಾದ್ರೆ ನಾನು. ನೋಡುವವರು ಮೂರು ಜನ ಇದ್ರೆ ಯಾರೂ ನೋಡುವುದಿಲ್ಲ."

"ನೀವೇ ನೋಡಿ" ಎಂದೆ. ಪರೀಕ್ಷಿಸಿದವನು ನಾನೇ ಎಂದು ಗೆರೆ ಎಳೆದದ್ದು ಆಗ ಕಣ್ಣ ಮುಂದೆ ಬಂತು.

ಅವನು ಸಂಜೆಯವರೆಗೆ ರಬ್ಬರುಗಳನ್ನೆಲ್ಲ ತೆಗೆದು, ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆದು, ಹೊಸದು ಹಾಕಿ, ಡಬ್ಬಿಗೆ ಸರಿಯಾದ ಎಣ್ಣೆ ತುಂಬಿದ. "ಡಬ್ಬಿಯ ಬಾಯಿ ತನಕ ತುಂಬಿಸ್ಬಾರ್ದು. ಮೇಲೆ ಅರ್ಧ ಇಂಚು ಗಾಳಿಗೆ ಬಿಡ್ಬೇಕು. ಇಲ್ಲದಿದ್ರೆ ಬಿಸಿಯಾದ ಎಣ್ಣೆಗೆ ಹೋಗ್ಲಿಕ್ಕೆ ಜಾಗ ಇಲ್ಲ, ಪುನಃ ಹಿಡಿತದೆ."

ರಾತ್ರಿ ಊಟಕ್ಕೆ ಕುಳಿತಾಗ ಬಾಯಿ ಕೇಳಿದರು: "ಎಂತ ಆಗಿತ್ತಂತೆ?"

ಅಣ್ಣನ ಕೊನೆಯ ಮಾತನ್ನು ಆರು ತಿಂಗಳು ಜಪಮಾಲೆಯ ಹಾಗೆ ಹಿಡಿದುಕೊಂಡು ಬಂದವರು. ಅವರ ಮುಖ ನೋಡಿ ನಿಜ ಹೇಳಲಾಗಲಿಲ್ಲ. "ರಬ್ಬರು ಹಳೆಯದಾಗಿತ್ತು" ಎಂದೆ.

ಶನಿವಾರ ಏಳು ಗಂಟೆಗೆ ಹೊರಟೆವು. ಬಾಯಿಯೂ ನನ್ನ ಜೊತೆ ಬಂದರು. ಅವರ ಮಗಳು ಹಾಸನದಲ್ಲಿ ನರ್ಸ್, ಕ್ರಿಸ್‌ಮಸ್ ಮುಗಿಯುವ ತನಕ ಅವಳ ಜೊತೆ ಇರುವುದೆಂದು ಮೊದಲೇ ಮಾತಾಗಿತ್ತು. ವಾಮಂಜೂರಿನ ಗೋಳಿಮರದ ಕೆಳಗೆ ಬೊಂಡದ ಮುದುಕ ಎದ್ದು ನಿಂತು ನೋಡಿದ. ಕಾರು ನಿಲ್ಲದೆ ದಾಟಿತು. ಮೂಡುಬಿದಿರೆಯಲ್ಲಿ ಬನ್ಸ್, ಕಾಫಿ. ಬೆಳ್ತಂಗಡಿ ದಾಟುವವರೆಗೂ ಬ್ರೇಕು ಹೇಳಿದ ಹಾಗೆ ಕೇಳಿತು. ಒತ್ತಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು.

ಚಾರ್ಮಾಡಿಯ ಮೂರನೆಯ ತಿರುವಿನಲ್ಲಿ ಮಂಜು ರಸ್ತೆಯವರೆಗೆ ಇಳಿದಿತ್ತು. ಎದುರಿನಿಂದ ಲಾರಿ ಬಂದರೆ ಹಾರ್ನು ಕೇಳಿಯೇ ತಿಳಿಯಬೇಕು. ಅಲ್ಲಿ ಆ ವಾಸನೆ ಬಂತು. ಅಣ್ಣನ ದಿಂಬಿನ ವಾಸನೆ.

ನಾನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಬಾಯಿ ಮಾತ್ರ ಇದ್ದರು, ಮಡಿಲಲ್ಲಿ ಕೈಚೀಲ. ಕಾರು ಭಾರವಾಗುತ್ತಿತ್ತು. ಎರಡನೆಯ ಗೇರಿಗೆ, ಆಮೇಲೆ ಒಂದನೆಯದಕ್ಕೆ ಹಾಕಿದೆ. ನನ್ನ ಕಾಲಡಿಯ ಚಾಪೆ ಒದ್ದೆಯಾಗಿತ್ತು.

"ಬಾಯಿ," ಎಂದೆ. "ಎಣ್ಣೆಯ ವಾಸನೆ ಬರುತ್ತಿದೆಯಾ?"

"ಬರ್ತದೆ. ಇವತ್ತು ತಿಂಗಳ ಮೊದಲ ಶನಿವಾರ ಅಲ್ವಾ ಮಾಸ್ಟ್ರೇ? ನೀವು ಸ್ನಾನಕ್ಕೆ ಹೋದಾಗ ನೋಡಿದೆ, ಅರ್ಧ ಇಂಚು ಕಡಿಮೆ ಇತ್ತು. ಡಬ್ಬಿಯ ಬಾಯಿ ತನಕ ತುಂಬಿಸಿದೆ. ಇಷ್ಟು ದೂರದ ದಾರಿ, ಆ ಗ್ಯಾರೇಜಿನವನಿಗೆ ಅಷ್ಟೂ ಗೊತ್ತಾಗಲಿಲ್ಲ."

ಮುಂದಿನ ತಿರುವಿಗೆ ಮುನ್ನ ಬಂಡೆಯ ಬದಿಗೆ ಸ್ವಲ್ಪ ಅಗಲ ಜಾಗವಿತ್ತು. ಅಲ್ಲಿಯವರೆಗೆ ಕಾರು ಎಳೆಯಿತು. ನಿಂತಿತು. ಅದು ನಿಂತ ಮರುಕ್ಷಣ ಮೇಲಿನಿಂದ ಮರದ ದಿಮ್ಮಿ ಹೇರಿದ ಲಾರಿಯೊಂದು ತಿರುವಿನ ಇಡೀ ಅಗಲ ತುಂಬಿಕೊಂಡು ಇಳಿದು ಹೋಯಿತು. ನಾನು ಇಳಿದು ಚಕ್ರಗಳ ಹಿಂದೆ ಕಲ್ಲು ಇಟ್ಟೆ. ಆಮೇಲೆ ಬಾಯಿಗೆ ಎಲ್ಲವನ್ನೂ ಹೇಳಿದೆ. ಲೋಟ, ಬಿಳಿ ಬಿಲ್ಲೆ, ರಬ್ಬರು, ಹಿಂದಿನ ರಾತ್ರಿ ನಾನು ಹೇಳಿದ ಸುಳ್ಳು.

ಅವರು ಕೈಚೀಲ ಹಿಡಿದು ಕಾರಿನಿಂದ ಇಳಿದರು. "ನಲವತ್ತು ವರ್ಷ ಮಕ್ಕಳಿಗೆ ಕಲಿಸಿದೆ, ಗೊತ್ತಾಗದಿದ್ರೆ ಕೇಳಬೇಕು ಅಂತ" ಎಂದರು. "ಎಂತ ಎಣ್ಣೆ ಅಂತ ನಾನು ಅವರ ಹತ್ತಿರ ಕೇಳಲಿಲ್ಲ." ಮತ್ತೆ ಸಿಟ್ಟಿನಿಂದ: "ನೀವು ನಿನ್ನೆ ಹೇಳ್ಬೇಕಿತ್ತು. ನಾನು ಎಂತ ಗಾಜಿನ ಬೊಂಬೆಯಾ?"

ನಾನು ಡೈರಿಯಿಂದ ಒಂದು ಹಾಳೆ ಹರಿದೆ.

ಕೆಳಗಿಳಿಯುತ್ತಿದ್ದ ಇನ್ನೊಂದು ಲಾರಿಯ ಡ್ರೈವರ್ ಕೈಯಲ್ಲಿ ಸಂಜೀವಣ್ಣನಿಗೆ ಚೀಟಿ ಕಳಿಸಿದೆ. ಗಂಟೆಯೊಂದು ಕಳೆದ ಮೇಲೆ ಹಾಸನದ ಬಸ್ಸು ಬಂತು. ಹತ್ತುವ ಮೊದಲು ಕಾರನ್ನು ಸುತ್ತಿ ಬಂದೆ. ಚಕ್ರಗಳು ತಣ್ಣಗಾಗಿದ್ದವು, ಕೆಂಪು ದೀಪ ಆರಿತ್ತು, ಬಾಗಿಲುಗಳಿಗೆ ಬೀಗ. ಇಷ್ಟು ಡೈರಿಯಲ್ಲಿದೆ.

ಮುಂದಿನದು ಇಲ್ಲ. ನಮಗೆ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಬಸ್ಸು ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಮಂಜು ಕಾರನ್ನು ಮುಚ್ಚುತ್ತ ಬಂತು, ಆ ಮಂಜಿನಲ್ಲಿ ಕೆಂಪು ದೀಪ ಹತ್ತಿತು. ತಣ್ಣಗಾದ ಪೈಪಿನಲ್ಲಿ ಒತ್ತಡ ಎಲ್ಲಿಂದ ಬಂತೆಂದು ನಾನು ಈಗಲೂ ಲೆಕ್ಕ ಹಾಕುತ್ತೇನೆ, ಹೊಂದುವುದಿಲ್ಲ. ನಾನು ಕಂಡದ್ದೇ ಸುಳ್ಳಿರಬಹುದು. ಆದರೆ ಮುಚ್ಚಿಟ್ಟು ಒಮ್ಮೆ ಪಟ್ಟ ಪಾಡು ಸಾಕಾಗಿತ್ತು.

"ಬಾಯಿ, ದೀಪ ಹತ್ತಿದೆ" ಎಂದೆ.

ಸೆರಾಫಿನ್ ಬಾಯಿ ತಿರುಗಿ ನೋಡಲಿಲ್ಲ. ಕೈಚೀಲದ ಮೇಲೆ ಎರಡೂ ಕೈಗಳನ್ನು ಜೋಡಿಸಿಟ್ಟು, ಶಾಂತವಾಗಿ ಹೇಳಿದರು:

"ಉರಿಯಲಿ ಮಾಸ್ಟ್ರೇ. ಸಂಜೀವಣ್ಣ ಬರುವ ತನಕ ಬ್ರೇಕ್ ನಿಮ್ಮ ಅಣ್ಣನೇ ನೋಡಿಕೊಳ್ತಾರೆ."