ಕಾಲಿನ್‌ಗೆ ಬಂದ ಕರೆ

"ಅವನಿಗೆ ಆಸಕ್ತಿ ಇಲ್ಲವಂತೆ, ಸರ್" ಎಂದು ಫೋನಿನಲ್ಲಿ ಹೇಳಿದವನು ನಾನು. ಕಾಲಿನ್ ಹಾಗೆ ಹೇಳಿರಲಿಲ್ಲ. ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು ಅವನನ್ನು ಕರೆದ ಸುದ್ದಿ ಅವನ ಕಿವಿಗೆ ಬೀಳದಂತೆ ನೋಡಿಕೊಂಡು, ಉತ್ತರವನ್ನೂ ನಾನೇ ಕೊಟ್ಟೆ. ಹೇಳಬೇಕಾದದ್ದು ಇಷ್ಟೇ — ಆದರೆ ಇಷ್ಟನ್ನು ಬರೆಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಮಸ್ಕತ್ತಿನ ಖುರುಮ್‌ನಲ್ಲಿದ್ದ ಒಂದು ಹೋಟೆಲಿನಲ್ಲಿ ನಾನು ಟೆಲಿಫೋನ್ ಆಪರೇಟರ್. ಮೊಬೈಲ್ ಇಲ್ಲದ ಕಾಲ. ಹೋಟೆಲಿಗಾಗಲಿ ಸ್ಟಾಫ್ ಕ್ವಾರ್ಟರ್ಸಿಗಾಗಲಿ ಬರುವ ಪ್ರತಿಯೊಂದು ಕರೆಯೂ ನನ್ನ ಬೋರ್ಡಿನ ಮೂಲಕವೇ ಹೋಗಬೇಕು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಅಪ್ಪ ತೀರಿಕೊಂಡರು — ಮೊದಲು ಗೊತ್ತಾಗುತ್ತಿದ್ದದ್ದು ನನಗೆ. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಕಾಲಿನ್ ನಮ್ಮ ಹೋಟೆಲಿನ ಚೀಫ್ ಇಂಜಿನಿಯರ್ ಆಗಿದ್ದ ಇಂಗ್ಲಿಷರೊಬ್ಬರ ಮಗ. ಇನ್ನೂ ಇಪ್ಪತ್ತು ತುಂಬದ ಹುಡುಗ. ಶಾಲೆ ಬಿಟ್ಟ ಕೂಡಲೇ ತನ್ನೂರಿನ ಕ್ಲಬ್ಬಿಗೆ ಸೇರಿ, ಹಿರಿಯ ಆಟಗಾರರ ಬೂಟು ತಿಕ್ಕಿ, ಗ್ಯಾಲರಿ ಗುಡಿಸಿ, ಕಡೆಗೊಮ್ಮೆ ಸಂಬಳದ ಆಟಗಾರನಾಗಿದ್ದ — ಮಿಡ್‌ಫೀಲ್ಡರ್. ದೊಡ್ಡ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳನ್ನು ಆಡಿದ್ದ, ಅಷ್ಟೇ. ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ. ಈ ಮೈಕಟ್ಟು ಸಾಲದು ಎಂದು ಇವನನ್ನು ಕೈಬಿಟ್ಟ. ಬೇರೆ ಕ್ಲಬ್ಬುಗಳಿಗೆಲ್ಲ ಅಪ್ಪನ ಹೋಟೆಲಿನ ನಂಬರು ಕೊಟ್ಟು ಮಸ್ಕತ್ತಿಗೆ ಬಂದಿದ್ದ. ಬೆಳಿಗ್ಗೆ ಬೀಚಿನಲ್ಲಿ ಓಡಿ ಬಂದವನೇ ನನ್ನ ಕಿಟಕಿಗೆ ಮೊಣಕೈ ಊರಿ ಕೇಳುತ್ತಿದ್ದ: "ನನಗೇನಾದರೂ ಬಂತಾ, ಫೆಲಿಕ್ಸ್?"

ಆಗ ಬಂದಿರಲಿಲ್ಲ. ಆಗ ನಾನು ಹೇಳುತ್ತಿದ್ದ "ಇಲ್ಲ" ನಿಜವಾದ ಇಲ್ಲವೇ ಆಗಿತ್ತು.

ಚಳಿಗಾಲದಲ್ಲಿ ಹೋಟೆಲುಗಳ ನಡುವೆ ಶುಕ್ರವಾರದ ಫುಟ್‌ಬಾಲ್ ನಡೆಯುತ್ತಿತ್ತು. ಜಲ್ಲಿಕಲ್ಲಿನ ನೆಲ, ಸುಣ್ಣದ ಗೆರೆ, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ. ಪ್ರತಿ ತಂಡಕ್ಕೂ ಹೊರಗಿನವನೊಬ್ಬನನ್ನು 'ಗೆಸ್ಟ್ ಪ್ಲೇಯರ್' ಎಂದು ಸೇರಿಸಿಕೊಳ್ಳುವ ಅವಕಾಶವಿತ್ತು. ಉಳಿದವರೆಲ್ಲ ಗೋವಾದವರನ್ನೋ ಮಲಪ್ಪುರದವರನ್ನೋ ಹುಡುಕಿ ತರುತ್ತಿದ್ದರು. ನಮಗೆ ಮನೆಯೊಳಗೇ ಇಂಗ್ಲೆಂಡಿನ ಪ್ರೊಫೆಷನಲ್ ಸಿಕ್ಕಿದ್ದ! ಚೆಂಡು ಕಾಲಿಗೆ ಬರುವ ಮೊದಲೇ ಅವನು ಹಿಂದೆ ತಿರುಗಿ ಒಮ್ಮೆ ನೋಡಿಬಿಡುತ್ತಿದ್ದ. ನಾವು ಚೆಂಡು ಬಂದ ಮೇಲೂ ಎಲ್ಲಿ ನೋಡಬೇಕೆಂದು ತಿಳಿಯದವರು. ಅವನ ದೆಸೆಯಿಂದ, ವರ್ಷವರ್ಷವೂ ಮೊದಲ ಸುತ್ತಿಗೇ ಮನೆಗೆ ಹೋಗುತ್ತಿದ್ದ ನಾವು ಫೈನಲ್‌ಗೆ ಬಂದೆವು.

ನಮ್ಮ ಕ್ಯಾಪ್ಟನ್ ಸದಾನಂದ, ಸ್ಟೋರ್ಸಿನವನು, ಪಡುಬಿದ್ರಿಯ ಕಡೆಯವನು, ನನ್ನ ಹತ್ತಿರ ಬಂದು ಹೇಳಿದ, "ಫೆಲಿಕ್ಸ್, ಈ ಸಲ ಕಪ್ ನಮ್ಮದೇ ಮಾರಾಯ. ಆ ಹುಡುಗ ಎಲ್ಲಿಗೂ ಹೋಗದ ಹಾಗೆ ಒಂದು ನೋಡಿಕೊ." ಪಾಪ, ಅವನು ಹೇಳಿದ್ದು ತಮಾಷೆಗೆ.

ಫೈನಲ್‌ನ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಇಂಗ್ಲೆಂಡಿನಿಂದ ಕರೆ ಬಂತು. ಯಾವುದೋ ಸಣ್ಣ ಪಟ್ಟಣದ ಕ್ಲಬ್ಬಿನ ಕೋಚ್. "ನಮ್ಮ ಮಿಡ್‌ಫೀಲ್ಡರ್ ಕಾಲು ಮುರಿದುಕೊಂಡಿದ್ದಾನೆ, ಕಾಲಿನ್‌ನ ಆಟ ನಾನು ಹಿಂದೆ ನೋಡಿದ್ದೇನೆ, ಇವತ್ತಿನ ವಿಮಾನ ಹತ್ತಿದರೆ ಒಂದು ತಿಂಗಳು ಇಟ್ಟುಕೊಂಡು ನೋಡುತ್ತೇವೆ" ಎಂದರು. ಕಾಲಿನ್ ಹೊರಗೆ ಹೋಗಿದ್ದ. "ಬಂದ ಕೂಡಲೇ ಹೇಳುತ್ತೇನೆ, ಸರ್" ಎಂದೆ.

ಹೇಳಬೇಕೆಂದೇ ಇದ್ದೆ. ಅವನು ಬಂದ, ಬಿಸಿಲಿಗೆ ಕೆಂಪಾದ ಮುಖ, ಎಂದಿನಂತೆ ಕೇಳಿದ. ನಾಳೆ ಸಂಜೆ ಹೇಳಿದರಾಯಿತು, ಒಂದು ದಿನದಲ್ಲಿ ಏನು ಕೊಳ್ಳೆ ಹೋಗುತ್ತದೆ ಎಂದು ಆ ಕ್ಷಣ ಅನ್ನಿಸಿತು — ಅನ್ನಿಸಿತು ಎಂದರೆ ತಾನಾಗಿ ಆದ ಹಾಗೆ ಕೇಳಿಸುತ್ತದೆ. ಇಲ್ಲ, ನಾನೇ ಹಾಗೆ ಅಂದುಕೊಂಡೆ. "ಇಲ್ಲ, ಏನೂ ಬಂದಿಲ್ಲ" ಎಂದೆ. ಅವನು ತಲೆಯಾಡಿಸಿ, ನಾಳೆಯ ಆಟದಲ್ಲಿ ನೀನು ಬಲಗಡೆ ಗೆರೆಯ ಹತ್ತಿರವೇ ಇರು, ಚೆಂಡು ನಿನ್ನ ಮುಂದಕ್ಕೇ ಹಾಕುತ್ತೇನೆ ಎಂದು ಹೇಳಿ ಹೋದ.

ಹಾಗೆಯೇ ಹಾಕಿದ. ಒಂದಲ್ಲ, ಎರಡಲ್ಲ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಕೊಟ್ಟ. ಒಂದನ್ನು ಗೋಲ್‌ಕೀಪರ್‌ನ ಎದೆಗೇ ಹೊಡೆದೆ, ಇನ್ನೊಂದು ಕಂಬದ ಮೇಲೆ ಹಾರಿ ರಸ್ತೆಗೆ ಹೋಯಿತು. ಒಂದು ಗೋಲಿನಿಂದ ಸೋತೆವು! ಆ ಹುಡುಗನ ದಾರಿಗೆ ಅಡ್ಡ ನಿಂತು, ಅವನನ್ನು ನಮಗೆಂದು ಹಿಡಿದಿಟ್ಟುಕೊಂಡು, ಕಡೆಗೆ ಅವನು ಕೊಟ್ಟ ಚೆಂಡನ್ನು ಗೋಲಿನೊಳಗೆ ಹಾಕಲೂ ನನ್ನಿಂದ ಆಗಲಿಲ್ಲ. ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಅವನಿಗೆ ಸಿಟ್ಟೇ ಬರಲಿಲ್ಲ, ನನ್ನ ಬೆನ್ನು ತಟ್ಟಿದ. ಆಗಲೇ ಹೇಳಬೇಕಿತ್ತು — ನಾನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದೆ.

ಮರುದಿನ ಆ ಕೋಚ್ ಮತ್ತೆ ಫೋನ್ ಮಾಡಿದರು. ಹುಡುಗನಿಗೆ ವಿಷಯ ತಿಳಿಯಿತೇ ಎಂದು ಕೇಳಿದರು. ಈಗಲೂ ಕಾಲ ಮೀರಿಲ್ಲ ಎಂದೂ ಹೇಳಿದರು. ಅದನ್ನು ನಾನು ಮರೆತಿಲ್ಲ. ಕಾಲಿನ್ ಅಲ್ಲೇ ಮಹಡಿಯ ಮೇಲೆ ಕೋಣೆಯಲ್ಲಿದ್ದ. ಅವನಿಗೆ ಲೈನ್ ಕೊಡಬಹುದಿತ್ತು. ಕೊಟ್ಟರೆ ಗುರುವಾರದ ಮಾತು ಹೊರಬೀಳುತ್ತದೆ. ಚೀಫ್ ಇಂಜಿನಿಯರರ ಮಗನಿಗೆ ಬಂದ ಸಂದೇಶ ಮುಚ್ಚಿಟ್ಟವನ ಕೆಲಸ ಉಳಿಯುತ್ತದೆಯೇ? ಖಲಾಸ್, ವೀಸಾ ರದ್ದು, ಊರಿಗೆ ಟಿಕೆಟ್. ಮನೆಯಲ್ಲಿ ತಂಗಿಯ ಮದುವೆಯ ಮಾತುಕತೆ ನಡೆಯುತ್ತಿತ್ತು. ನೋಡಿ, ಮತ್ತೆ ನೆಪ ಹೇಳುತ್ತಿದ್ದೇನೆ. ಹೆದರಿದೆ, ಅಷ್ಟೇ.

"ಅವನಿಗೆ ಆಸಕ್ತಿ ಇಲ್ಲವಂತೆ, ಸರ್."

ಆ ಕಡೆಯಿಂದ ಕೋಚ್, "ಸರಿ, ಒಳ್ಳೆಯದಾಗಲಿ ಅವನಿಗೆ" ಎಂದು ಫೋನ್ ಇಟ್ಟರು.

ಮುಂದಿನ ಎರಡು ತಿಂಗಳು ಆ ಹುಡುಗ ದಿನವೂ ಬಂದು ಕಿಟಕಿಗೆ ಮೊಣಕೈ ಊರಿದ. ದಿನವೂ ನಾನು ಇಲ್ಲವೆಂದೆ. ಎಂಥ ಮನುಷ್ಯ ನೋಡಿ ನಾನು — ಕಡೆಕಡೆಗೆ ಅವನ ಮೇಲೆಯೇ ನನಗೆ ರೇಗತೊಡಗಿತು. ಇವನೇಕೆ ಬಿಡುವುದಿಲ್ಲ, ಏಕೆ ಹೀಗೆ ಪೀಡಿಸುತ್ತಾನೆ ಎಂದು. ಒಂದು ದಿನ ಅವನು ಬಂದು ಏನೂ ಕೇಳದೆ, ಸುಮ್ಮನೆ ಕೈಯೆತ್ತಿ ಮುಂದೆ ಹೋದ. ಆ ವಾರವೇ ಇಂಗ್ಲೆಂಡಿಗೆ ವಾಪಸಾದ. ಮತ್ತೆ ಯಾವ ಕ್ಲಬ್ಬಿಗೂ ಆಡಲಿಲ್ಲವೆಂದು ತಿಳಿಯಿತು.

ತೊಂಬತ್ತರ ದಶಕದಲ್ಲಿ ನಾನು ಕೆಲಸ ಬದಲಿಸಿ ಮಸ್ಕತ್ತಿನ ಹೊರವಲಯದ ಅಲ್ ಖೌದ್‌ಗೆ ಬಂದೆ. ಕಾಲಿನ್‌ನ ಅಪ್ಪ ಒಳನಾಡಿನ ನಿಜ್ವಾ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಯಂತ್ರಗಳ ಉಸ್ತುವಾರಿಗೆ ಸೇರಿದ್ದರು. ನನ್ನ ತಂಗಿಗೆ ಮದುವೆಯಾಗಿತ್ತು, ನನಗೂ ಒಬ್ಬ ಮಗನಿದ್ದ, ಕೆಲಸ ಕಳೆದುಕೊಳ್ಳುವ ಭಯವಿರಲಿಲ್ಲ — ನೆಪಗಳೆಲ್ಲ ತೀರಿದ ಮೇಲೆ ಒಂದು ಶುಕ್ರವಾರ ಕಾರು ಹತ್ತಿ ಹೋದೆ. ಹಳೆಯ ಸಹೋದ್ಯೋಗಿ ಬಂದನೆಂದು ಅವರು ಸಂತೋಷಪಟ್ಟರು, ಖರ್ಜೂರ ಕೊಟ್ಟರು, ಕಾಫಿ ಬಗ್ಗಿಸಿದರು. ಆ ಕಾಫಿಯನ್ನು ಮುಟ್ಟದೆ ಎಲ್ಲವನ್ನೂ ಹೇಳಿದೆ.

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

"ಅವನಿಗೆ ನಾನೇ ಫೋನ್ ಮಾಡಿ ಹೇಳಬೇಕು, ನಂಬರ್ ಕೊಡಿ" ಎಂದೆ.

"ಬೇಡ" ಎಂದರು. "ಅವನೀಗ ಫ್ರಿಜ್ ರಿಪೇರಿ ಮಾಡಿಕೊಂಡು, ಹೆಂಡತಿ ಮಗುವಿನ ಜೊತೆ ಸುಖವಾಗಿದ್ದಾನೆ. ತನ್ನ ಆಟ ಸಾಲದು ಅನ್ನುವುದನ್ನು ಒಪ್ಪಿಕೊಳ್ಳುವುದಕ್ಕೆ ಅವನಿಗೆ ವರ್ಷಗಳು ಬೇಕಾದವು. ಆ ವರ್ಷಗಳನ್ನು ನಾನು ನೋಡಿದ್ದೇನೆ. ಈಗ ಹೋಗಿ, ಸಾಕಿತ್ತು ಅಂತ ಹೇಳಬೇಡ." ನನ್ನ ಕಡೆ ತಿರುಗದೆಯೇ, "ಇನ್ನು ಹೊರಡು, ಫೆಲಿಕ್ಸ್" ಎಂದರು.

ಹೊರಟೆ. ಅವರು ಮಗನಿಗಾಗಿ ಹೇಳಿದ ಮಾತನ್ನು ನಾನು ನನಗಾಗಿ ಬಳಸಿಕೊಂಡೆ. ಹೇಳಬೇಡ ಎಂದಿದ್ದಾರಲ್ಲ, ನನ್ನ ತಪ್ಪೇನು — ಎಂದು ಇಷ್ಟು ಕಾಲ ನೆಮ್ಮದಿಯ ಸೋಗು ಹಾಕಿದೆ. ಈಗ ಅವರೂ ಇಲ್ಲ. ಹುಡುಕಿದರೆ ಕಾಲಿನ್ ಸಿಗುತ್ತಾನೆ. ಹೇಳಿದರೆ ನನ್ನ ಎದೆ ಹಗುರಾಗುತ್ತದೆ, ಅವನದು — ಇಲ್ಲ, ಅಷ್ಟು ದೊಡ್ಡ ಸುಖವನ್ನು ನಾನು ಅವನ ಖರ್ಚಿನಲ್ಲಿ ಪಡೆಯಲಾರೆ. ಅದಕ್ಕೇ ಇದನ್ನು ಕನ್ನಡದಲ್ಲಿ, ಅವನು ಎಂದೂ ಓದಲಾರದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಕರುಣೆಯೋ ಹೇಡಿತನವೋ ನನಗೇ ಸರಿಯಾಗಿ ತಿಳಿಯದು. ಅವನ ಆಟ ಸಾಕಿತ್ತು, ಅವನನ್ನು ಕರೆದಿದ್ದರು. ಅದು ಗೊತ್ತಿರುವವನು ಈಗ ನಾನೊಬ್ಬನೇ.