ಅಕ್ಕನ ಸಹಿ, ನಾಕ ಮೆಣಸಿನಕಾಯಿ

ಮೊದಲ ಒಂದ ಮಾತ ಒಪ್ಪಿಕೊಂಡಬಿಡತೇನ್ರಿ: ಕಾಯ್ದೆ ಅಂದ್ರ ನನಗ ಭಾಳ ಪ್ರೀತಿ. ಎಷ್ಟಂದ್ರ, ಮನಿಯಿಂದ ಹೊಲಕ್ಕ ಹೋಗೂ ಬಂಡಿದಾರ್ಯಾಗೂ ಹೆಲ್ಮೆಟ್ ಹಾಕ್ಕೊಂಡ ಗಾಡಿ ಹೊಡೀತೇನಿ. ಆ ದಾರ್ಯಾಗ ಪೋಲೀಸರಿಲ್ಲ, ಎಮ್ಮಿ ಅದಾವ. ನನ್ನ ನೋಡಿ ಬೆದರಿ ಗೂಟ ಕಿತ್ತಗೊಂಡ ಓಡತಾವ. "ಮಾಸ್ತರ, ಆ ಬುರುಡಿ ತಗದ ಬರ್ರಿ, ಇಲ್ಲಾಂದ್ರ ನಾಳಿಂದ ಹಾಲ ನೀವ ಹಿಂಡ್ರಿ" ಅಂತ ಬಾಜೂ ಹೊಲದ ಬಾಳವ್ವ ಬೈದಾಳ. ಗಡಹಿಂಗ್ಲಜ ಸ್ಟ್ಯಾಂಡಿಗೆ ಎಸ್‌ಟಿ ಬಸ್ ಬಂದ ಕೂಡಲೇ ಮಂದಿ ಕಿಡಕ್ಯಾಗಿಂದ ಟಾವೆಲ್ ಒಗದ ಸೀಟ ಹಿಡೀತಾರ. ನಾ ಪಾಳಿ ಹಚ್ಚತೇನಿ. ನನ್ನ ಪಾಳ್ಯಾಗ ನಾ ಒಬ್ಬಾಂವ ಇರತೇನಿ, ಹಿಂಗಾಗಿ ನೇಸರಿ ಊರ ಬರೂತನಕಾ ನಿಂತ ಬರತೇನಿ.

ಇದಕ್ಕ ಕಾರಣ ನನ್ನ ನೌಕರಿ. ಮೂವತ್ತ ವರ್ಷ ಈ ಮಹಾರಾಷ್ಟ್ರದ ಗಡಿಭಾಗದ ಕನ್ನಡ ಸಾಲ್ಯಾಗ ನಾಗರಿಕಶಾಸ್ತ್ರ ಕಲಿಸೇನಿ. "ತಂದೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ" ಅಂತ ಹುಡುಗ್ಯಾರು ಒಂದ ಉಸರಿನ್ಯಾಗ ಒಪ್ಪಿಸೋರು, ನಾ ಪೂರ್ತಿ ಮಾರ್ಕ ಕೊಡಾಂವ. ಪುರಾಣ ಹೇಳೂದಕ್ಕ, ಬದನಿಕಾಯಿ ತಿನ್ನೂದಕ್ಕ ಅಂತಾರಲ್ಲ, ನಾ ತಿಂದ ಬದನಿಕಾಯಿ ಯಾವುದಂತ ಈಗ ಹೇಳತೇನಿ.

ನನಗೊಬ್ಬಾಕಿ ಅಕ್ಕ ಇದ್ಲು, ಗೌರವ್ವ. ನನಗಿಂತ ಆರ ವರ್ಷ ದೊಡ್ಡಾಕಿ. ನಮ್ಮವ್ವ ಹೊಲಕ್ಕ ಹೋದ್ರ ನನ್ನ ಬಗಲಾಗ ಹೊತ್ತಗೊಂಡ ಅಡ್ಡ್ಯಾಡಿದಾಕಿ, ಅದರ ಸಲುವಾಗಿ ಸಾಲಿ ಬಿಟ್ಟಾಕಿ. ಆಕಿನ್ನ ಇಚಲಕರಂಜಿಗೆ ಕೊಟ್ಟಿದ್ವಿ. ಆಕಿ ಗಂಡ ಮಗ್ಗ ನಡಸಾಂವ, ಅಕ್ಕ ಅದs ಕಾರಖಾನ್ಯಾಗ ನೂಲಿನ ಕಾಂಡಿ ತುಂಬಾಕಿ. ವರ್ಷಕ್ಕೊಮ್ಮೆ ಸಂಕ್ರಾಂತಿ ಮುಂದ ನಮ್ಮೂರಿಗೆ ಬರೂದ ಆಕಿಗೆ ದೊಡ್ಡ ಹಬ್ಬ. ಎಸ್‌ಟಿ ಇಳದ್ರ ಮನಿಗೆ ಬರಾಕಿ ಅಲ್ಲ. ಸೀದಾ ಹೊಲಕ್ಕ ಹೋಗಿ ಮೆಣಸಿನ ಗಿಡದಾಗ ಕುಂತಬಿಡಾಕಿ. ಸೆರಗ ಕಟ್ಟಿಕೊಂಡ ಹಸೀವು, ಕೆಂಪಾದವು ಎಲ್ಲಾ ಹರಕೊಂಡ, ಉಡಿ ತುಂಬಿದ ಮ್ಯಾಲ ಮನಿಗೆ ಬಂದ, "ಯವ್ವಾ, ಬಂದೇನಿ, ಚಾ ಇಡ" ಅಂತ ಒದರಾಕಿ. ಮಗ್ಗದ ಸಪ್ಪಳದಾಗ ಬದುಕಿದಾಕಿ, ಸಣ್ಣಾಗಿ ಮಾತಾಡೂದ ಗೊತ್ತ ಇರಲಿಲ್ಲ. ಅರ್ಧಾ ಊರಿಗೆ ಗೌರವ್ವ ಬಂದಾಳಂತ ತಿಳೀತಿತ್ತು.

ಅವ್ವನ ಹಿಂದ ಅಪ್ಪನೂ ತೀರಿಕೊಂಡ ಮ್ಯಾಲ ಹೊಲದ ಉತಾರದಾಗ, ಅಂದ್ರ ಪಹಣಿಯಾಗ, ನಮ್ಮಿಬ್ಬರ ಹೆಸರೂ ಬಂದುವು. ಕಾಯ್ದೆ ತನ್ನ ಕೆಲಸ ಮಾಡ್ತು. ಆದ್ರ ನೋಡ್ರಿ, ಕಾಯ್ದೆ ಅನ್ನೂದ ನಮ್ಮೂರಿಗೆ ಮಳಿಗಾಲದಾಗ ಚಂದಗಡದ ಎಸ್‌ಟಿ ಬಂಧಂಗ ಬರತೈತಿ. ತಡಾ ಮಾಡಿ ಬರತೈತಿ, ಬಂದ ಮ್ಯಾಲ ಯಾರೂ ಗಡಬಡಿಸಿ ಹತ್ತೂದಿಲ್ಲ. ರೂಢಿ ಭಾಳ ಶಾಣ್ಯಾ. ಕಾಯ್ದೆಕ್ಕ ಅದು ಎದರ ಮಾತಾಡೂದಿಲ್ಲ. "ಕೊಡ್ರಿ ಪಾ, ಹೆಣ್ಣಮಗಳಿಗೆ ಪಾಲ ಕೊಡ್ರಿ. ಆಮ್ಯಾಲ ಬಿಟ್ಟಕೊಟ್ಟೇನಿ ಅಂತ ಆಕಿ ಕಡಿಂದ ಒಂದ ಸಹಿ ತಗೊಂಡ್ರಾತು" ಅಂತೈತಿ. ಆ ಸಹಿ ಮಾಡೂ ಕಾಗದಕ್ಕ ನಮ್ಮ ಕಡೆ ಹಕ್ಕಸೋಡಪತ್ರ ಅಂತಾರ. ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅನ್ನೂ ಹಳೀ ಗಾದಿಗೆ ಸರಕಾರಿ ಶಿಕ್ಕಾ ಹೊಡದಂಗ. ಸಹಿ ಮಾಡಾಕ ಒಲ್ಲೆ ಅಂದಾಕಿಗೆ ತವರಮನಿ ಬಾಗಲ ಮುಚ್ಚತೈತಿ. ಇದನ್ನ ಯಾವ ಪುಸ್ತಕದಾಗೂ ಬರದಿಲ್ಲ, ಆದ್ರ ಎಲ್ಲಾರಿಗೂ ಬಾಯಿಪಾಠ ಐತಿ.

ನಾ ಬಾಗಲ ಮುಚ್ಚೂ ಮಾತ ಆಡಲಿಲ್ಲ ಬಿಡ್ರಿ. ನಾ ಮಾಸ್ತರ, ನನ್ನ ರೀತಿ ಬ್ಯಾರೆ. "ಅಕ್ಕಾ, ಪೈಪಲೈನ್ ಮಾಡಸಬೇಕಂದ್ರ ನಿನ್ನ ಸಹಿ, ಕರೆಂಟ ತಗೋಬೇಕಂದ್ರ ನಿನ್ನ ಸಹಿ. ಪ್ರತಿಸಲ ಇಚಲಕರಂಜಿಯಿಂದ ಧೂಳ ಕುಡಕೊಂತ ಯಾಕ ಬರತಿ? ಒಮ್ಮೆ ಸಹಿ ಮಾಡಿಬಿಡು, ನಿನ್ನ ತ್ರಾಸ ತಪ್ಪತೈತಿ" ಅಂದ್ನಿ. ಆಕಿ ತ್ರಾಸ ತಪ್ಪಸಾಕ ಹೊಂಟೇನಿ ಅಂತ ನನಗೂ ಖರೇನ ಅನಿಸಿತ್ತು. ಮನುಷ್ಯಾ ತನಗ ತಾನ ಹೇಳಿಕೊಳ್ಳೂ ಸುಳ್ಳಿಗೆ ಕಾಯ್ದೆದ ಯಾವ ಕಲಮೂ ಹಚ್ಚಾಕ ಬರೂದಿಲ್ಲ.

ಗಡಹಿಂಗ್ಲಜದ ನೋಂದಣಿ ಕಚೇರ್ಯಾಗ ಸಾಹೇಬ ಕಾಗದ ಮುಂದ ಇಟ್ಟಗೊಂಡ ಆಕಿನ್ನ ಮರಾಠ್ಯಾಗ ಕೇಳಿದ: "ಮಾವಶಿ, ಕುಣಾಚಾ ದಬಾವ ನಾಹೀ ನಾ?" ಯಾರ ದಬಾವೂ, ಒತ್ತಾಯಾನೂ ಇಲ್ಲಲ್ಲ, ಅಂತ. ಕಾಯ್ದೆದ ಪ್ರಕಾರ ಕೇಳಲೇಬೇಕಾದ ಪ್ರಶ್ನೆ. ಆದ್ರ ಉತ್ತರ ಬರೂದ್ರಾಗ ಅಂವ ಹಾಳಿ ತಿರುವಿದ್ದ. ಕಾಗದದ ಮ್ಯಾಲ ಹಚ್ಚೂ ಫೋಟೊ ತಗಿಯೂ ಕ್ಯಾಮರಾ ಆಕಿ ಎದರಿಗಿತ್ತು. ಅಕ್ಕ ಅದನ್ನ ಬಿಟ್ಟ ಬಾಜೂಕ ನಿಂತ ನನ್ನ ನೋಡಿದ್ಲು. ನಾ ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಾಕತ್ತಿದ್ನಿ. "ನಾಹೀ ಸಾಹೇಬ" ಅಂದ್ಲು. ಅಷ್ಟ ಸಣ್ಣ ದನಿ ಆಕಿಗಿತ್ತಂತ ಅವತ್ತ ಗೊತ್ತಾತು. ಆ ಫೋಟೊದಾಗ ಆಕಿ ಇವತ್ತಿಗೂ ಹಂಗ, ವಾರಿಗಣ್ಣಿಲೆ ನೋಡಾಕತ್ತಾಳ. ನಾ ಫೋಟೊದಾಗ ಇಲ್ಲ, ಆದ್ರ ಎಲ್ಲಿ ನಿಂತಿದ್ನೆಂಬೂದ ಚಲೋತ್ನಂಗ ಗೊತ್ತಾಗತೈತಿ.

ಆಮ್ಯಾಲ ರೂಢಿ ಪ್ರಕಾರ ಪ್ಯಾಟ್ಯಾಗ ಆಕಿಗೊಂದ ಸೀರಿ ತಗದ್ನಿ. ಹಸರ ಬಣ್ಣದ್ದು. ಸ್ಟ್ಯಾಂಡಿನ್ಯಾಗ ಭಜಿ ತಿಂದ್ವಿ. ಆಕಿ ಇಚಲಕರಂಜಿ ಗಾಡಿ ಹತ್ತಿದ್ಲು.

ಮುಂದಿನ ಸಂಕ್ರಾಂತಿಗೆ ಅಕ್ಕ ಸೀದಾ ಮನಿಗೆ ಬಂದ್ಲು. ಉಡಿ ಖಾಲಿ ಇತ್ತು. ಚಾ ಕುಡದ್ಲು, ಬಸಿ ಕೆಳಗಿಟ್ಟು, "ತಮ್ಮಾ, ನಾಕ ಮೆಣಸಿನಕಾಯಿ ಹರಕೊಳ್ಳಲೇನೋ?" ಅಂದ್ಲು.

ಮೊದಲ ನಗಿ ಬಂತ್ರಿ. ಆಮ್ಯಾಲ ಆಕಿ ಮಾರಿ ನೋಡಿದ್ನಿ. ಚುಚ್ಚಿ ಟೋಮಣೆ ಹೊಡದಿದ್ರ ಚಲೋ ಇತ್ತು, ನಾನೂ ಒಂದ ಅಂದ ಜಗಳಾ ಮಾಡಿ ಹಗರ ಆಗತಿದ್ನಿ. ಆಕಿ ಖರೇನ ಕೇಳಿದ್ಲು. ಮಂದಿ ಹೊಲದ ಮಾಲಕರನ್ನ ಕೇಳಿಧಂಗ. "ಹುಚ್ಚಿ, ಕೇಳೂದೇನ? ಹೋಗ, ಹರಕೊ" ಅಂದ್ನಿ. ಹೋಗಿ, ಬರೇ ಒಂದ ಬೊಗಸಿ ತಂದ್ಲು.

ಮುಂದ ಪ್ರತಿ ವರ್ಷ ಹಿಂಗ. ಪ್ರತಿ ವರ್ಷ ಕೇಳಾಕಿ, ಪ್ರತಿ ವರ್ಷ ನಾ ಕೇಳಬ್ಯಾಡ ಅನ್ನಾಂವ. ಕಡೀಕ ತಡಿಲಾರದ ಒಬ್ಬ ವಕೀಲನ್ನ ಕೇಳಿದ್ನಿ. ಆಕಿ ಪಾಲ ಬಕ್ಷೀಸಪತ್ರಾ, ಅಂದ್ರ ದಾನಪತ್ರ ಮಾಡಿ ತಿರಗಿ ಕೊಡಾಕ ಬರತೈತಿ, ಆಕಿನೂ ಕಚೇರಿಗೆ ಬರಬೇಕ ಅಂದ. ಫೋನಿನ್ಯಾಗ ಅಕ್ಕಗ ಹೇಳಿದ್ನಿ. ಮಗ್ಗದ ಖಡಖಡಾ ಸಪ್ಪಳದಾಗ ಆಕಿ ನಕ್ಕಳು. "ಬ್ಯಾಡೋ ತಮ್ಮಾ. ಈ ಸಲ ಆ ಸಾಹೇಬ ನಿನ್ನ ಕೇಳ್ತಾನ, ಯಾರ ದಬಾವರೆ ಐತೇನಂತ. ಏನ ಹೇಳಾಂವ ನೀ?"

ಕಬ್ಬ ಕಾರಖಾನಿಗೆ ಹೋಗಲಿ, ದೀಪಾವಳಿ ಆಗಲಿ, ಆಮ್ಯಾಲ ಆಕಿನ್ನ ಕರಕೊಂಡ ಹೋಗಿ ಮಾಡೂಣಂತ ಮುಂದ ದೂಡಿದ್ನಿ. ನಿಮ್ಮ ಮುಂದ ಮುಚ್ಚೂದೇನೈತಿ, ಆಕಿ ಬ್ಯಾಡ ಅಂದಾಗ ನನ್ನ ಜೀವಕ್ಕ ಒಂಚೂರ ಆರಾಮ ಅನಿಸಿತ್ತು. ಹಂಗ ಅನಿಸಿತಲ್ಲಾ ಅಂತ ಇವತ್ತಿಗೂ ನನ್ನ ಮ್ಯಾಲ ನನಗ ಹೇಸಿಗಿ ಬರತೈತಿ.

ಹೋದ ಶ್ರಾವಣದಾಗ ಅಕ್ಕ ತೀರಿಕೊಂಡ್ಲು. ಎರಡ ದಿನದ ಜ್ವರದ ನೆಪ. ಹೆಣಕ್ಕ ತವರಮನಿ ಸೀರಿ ಹೊಚ್ಚಬೇಕನ್ನೂದ ನಮ್ಮ ಕಡೆ ಪದ್ಧತಿ. ಇಚಲಕರಂಜಿ ಪ್ಯಾಟ್ಯಾಗ ಇಳದ ಸೀರಿ ತಗೊಂಡ ಹೋದ್ನಿ. ಅಪ್ಪ ಸತ್ತಮ್ಯಾಲ ಅಕ್ಕಗ ನಾ ಉಡಿಸಿದ್ದು ಎರಡ ಸೀರಿ, ಸಹಿ ಮಾಡಿದ ದಿನದ್ದೊಂದು, ಇದೊಂದು. ಎರಡಕ್ಕೂ ಆಕಿ ಬ್ಯಾಡ ಅನಲಿಲ್ಲ.

ಮೊನ್ನೆ ಸಂಕ್ರಾಂತಿ ಮುಂದ ನನ್ನ ಹೆಂಡತಿ, "ಖರ್ಡಾ ಚಟ್ನಿಗೆ ಹಸಿಮೆಣಸಿನಕಾಯಿ ತಗೊಂಬರ್ರಿ" ಅಂತ ಹೊಲಕ್ಕ ಕಳಿಸಿದ್ಲು. ಗಿಡ ಜೋತಬಿದ್ದಿದ್ದವು. ಕೈ ಹಾಕಿದ್ನಿ, ಹರಿಯಾಕ ಆಗಲಿಲ್ಲ. ಉತಾರದಾಗ ನನ್ನ ಹೆಸರ ಒಂದ ಐತಿ, ಎಲ್ಲಾ ಕಾಯ್ದೇಶೀರ, ಯಾರ ದಬಾವೂ ಇಲ್ಲ. ಆದ್ರೂ ಬಾಯಿ ತಾನ ಕೇಳ್ತು: "ಅಕ್ಕಾ, ನಾಕ ಹರಕೊಳ್ಳಲೇನ?" ಬಾಜೂ ಹೊಲದಾಗಿಂದ ಬಾಳವ್ವ ತಲಿ ಎತ್ತಿ ನೋಡಿದ್ಲು. ಕೈ ಹಿಂದ ತಗೊಂಡ್ನಿ.

ಬರೇ ಕೈಲೆ ಮನಿಗೆ ಬಂದಾಗ ಹೆಂಡತಿ, "ಮೆಣಸಿನಕಾಯಿ ಎಲ್ಲ್ರಿ?" ಅಂದ್ಲು.

"ಹೊಲದ ಮಾಲಕರು ಇರಲಿಲ್ಲ" ಅಂದ್ನಿ.