ನಮ್ಮ ಮನೆಯಲ್ಲಿ ಹೆಸರೆತ್ತದ ಕಾಯಿಲೆ

೧೯೮೩ರ ಮಳೆಗಾಲ ಮುಗಿಯುತ್ತಾ ಬಂದಿತ್ತು. ಆಗ ನಾನು, ನನ್ನ ಗಂಡ ಮುಂಬೈ ಹತ್ತಿರದ ಡೊಂಬಿವಲಿಯ ಚಾಳೊಂದರಲ್ಲಿ ಸಂಸಾರ ಮಾಡಿಕೊಂಡಿದ್ದೆವು. ಇವರಿಗೆ ಗುಮಾಸ್ತನ ಕೆಲಸ. ಇವರ ಅಣ್ಣ, ಅಂದರೆ ನನ್ನ ಭಾವ, ಠಾಣೆಯಲ್ಲಿ ಎರಡು ಹೋಟೆಲು ನಡೆಸುತ್ತಿದ್ದರು. ವರ್ತಕ ನಗರದಲ್ಲಿ ಸ್ವಂತ ಮನೆ, ಬಾಗಿಲಲ್ಲಿ ಫಿಯೆಟ್ ಕಾರು. ಉಡುಪಿ ಕಡೆಯಿಂದ ಬಂದು ಲೋಟ ತೊಳೆಯುವುದರಿಂದ ಶುರು ಮಾಡಿ ಮೇಲೆ ಬಂದವರು. ತಮ್ಮಿಂದ ಆಗದ ಕೆಲಸ ಎಂಬುದೊಂದುಂಟು ಎಂದು ಅವರು ಒಪ್ಪಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವರ ಹೆಂಡತಿ ಸುಮತಿ ನನಗೆ ಓರಗಿತ್ತಿ. ಅಕ್ಕ ಎಂದೇ ಕರೆಯುತ್ತಿದ್ದೆ. ಆ ವರ್ಷ ಅಕ್ಕನ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ನಾಚಿಕೆಯಿಂದ ಎಷ್ಟೋ ತಿಂಗಳು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ಕೊನೆಗೆ ಆಪರೇಷನ್ ಆಯಿತು. ಡಾಕ್ಟರು ಕಾಯಿಲೆಯ ಹೆಸರನ್ನು ಭಾವನಿಗೆ ಮಾತ್ರ ಹೇಳಿದರು.

ಭಾವ ನಮ್ಮನ್ನೆಲ್ಲ ಹೋಟೆಲಿನ ಮಾಳಿಗೆಗೆ ಕರೆಸಿ ಕಟ್ಟಪ್ಪಣೆ ಮಾಡಿದರು. ಆ ಶಬ್ದ ಅಕ್ಕನ ಕಿವಿಗೆ ಬೀಳಕೂಡದು. ಕೆಟ್ಟ ಗಡ್ಡೆ ಇತ್ತು, ತೆಗೆದಾಯಿತು, ಇನ್ನು ಸ್ವಲ್ಪ ದಿನ ಕರೆಂಟು ಕೊಡುವುದುಂಟು, ಅಷ್ಟೇ ಎನ್ನಬೇಕು. ಗೊತ್ತಾದರೆ ಅವಳು ಹೆದರಿಯೇ ಸಾಯುತ್ತಾಳೆ ಎಂದರು. ಅದು ಪ್ರೀತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಕರೆಂಟಿಗೆ, ಅಂದರೆ ರೇಡಿಯೇಷನ್ನಿಗೆ, ದಿನಾ ಅಕ್ಕನ ಜೊತೆ ಮುಂಬೈಯ ದೊಡ್ಡ ಆಸ್ಪತ್ರೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ನನ್ನನ್ನೇ ಈ ಗುಟ್ಟಿನ ಕಾವಲಿಗೆ ಹಾಕಿದ್ದು ದೇವರ ತಮಾಷೆ ಇರಬೇಕು. ಭಾವ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹೋಗಲು ಬರಲು ಕಾರು, ಆಸ್ಪತ್ರೆಯಲ್ಲಿ ಕಾಯಲು ಸೋಫಾ ಇರುವ ಬೇರೆ ಕೋಣೆ, ಪರದೇಶದಿಂದ ತರಿಸಿದ ಮದ್ದು. ಆದರೆ ಮನೆಗೆ ನೋಡಲು ಬಂದ ನೆಂಟರು ಅಕ್ಕ ಕೊಟ್ಟ ಕಾಫಿಯನ್ನು ಮುಟ್ಟುತ್ತಿರಲಿಲ್ಲ. ಈ ಕಾಯಿಲೆ ಅಂಟುತ್ತದೆ ಎಂದು ಆಗ ತುಂಬಾ ಜನ ನಂಬಿದ್ದರು. ಅಕ್ಕ ತುಂಬಿದ ಲೋಟಗಳನ್ನು ಸುಮ್ಮನೆ ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು.

ಕರೆಂಟು ಅರ್ಧ ಮುಗಿಯುವಷ್ಟರಲ್ಲಿ ಅವಳ ಎದೆಯ ಚರ್ಮ ಸುಟ್ಟು ಕಪ್ಪಾಗಿತ್ತು. ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಕಾರಿನಲ್ಲಿ, ಇನ್ನು ನಾನು ಬರುವುದಿಲ್ಲ, ತೆಗೆದಾದ ಗಡ್ಡೆಗೆ ಇಷ್ಟು ಹಿಂಸೆ ಯಾಕೆ ಎಂದಳು. ನಡುವೆ ಬಿಟ್ಟರೆ ಆಪರೇಷನ್ ಮಾಡಿದ್ದೂ ವ್ಯರ್ಥ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅದನ್ನು ಅವಳಿಗೆ ಹೇಳೋಣವೆಂದರೆ ಕಾಯಿಲೆಯ ಹೆಸರನ್ನೂ ಹೇಳಬೇಕು. ಈ ವಾರ ಒಂದು ಮುಗಿಸುವ ಅಕ್ಕ ಎಂದು ಗೋಗರೆದು ಹೇಗೋ ಒಪ್ಪಿಸಿದೆ.

ಆ ವಾರ ಸೋಫಾದ ಕೋಣೆಗೆ ಬಣ್ಣ ಬಳಿಯುತ್ತಿದ್ದರು. ನಮ್ಮನ್ನು ಎಲ್ಲರ ಜೊತೆ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಮನೆಯಲ್ಲಿ ನಮ್ಮದು ತುಳು. ಆಸ್ಪತ್ರೆಯಲ್ಲೂ ತುಳುವೇ ಆಡುತ್ತಿದ್ದೆವು. ಸುತ್ತಲಿನ ಮರಾಠಿ ಹಿಂದಿಯ ನಡುವೆ ಅದು ಯಾರಿಗೂ ತಿಳಿಯುವುದಿಲ್ಲ, ಯಾರೂ ನಡುವೆ ಬಾಯಿ ಹಾಕುವುದಿಲ್ಲ ಎಂಬ ಧೈರ್ಯ ನನಗೆ. ಆದರೆ ಅಕ್ಕನ ಕೈಯಲ್ಲಿ ಕನ್ನಡದ ವಾರಪತ್ರಿಕೆ ಇತ್ತು. ಅದು ನನ್ನ ತಲೆಗೇ ಹೋಗಿರಲಿಲ್ಲ.

ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಬಿಸಿಲಿಗೆ ಬೆಂದ ಮುಖ, ಹಸಿರು ಇಳಕಲ್ ಸೀರೆ. ಹೆಸರು ಶರಣಮ್ಮ, ಕಲಬುರಗಿ ಕಡೆಯವಳು ಎಂದು ಆಮೇಲೆ ತಿಳಿಯಿತು. ಅವಳು ಪತ್ರಿಕೆಯನ್ನೊಮ್ಮೆ ಬಗ್ಗಿ ನೋಡಿ, ಕನ್ನಡದವರೇನು ಎಂದು ಕೇಳಿದಳು. ಅಕ್ಕ ಹೌದೆಂದಳು. ಅವಳು ಸಂತೋಷದಿಂದ ಹತ್ತಿರ ಸರಿದು, ಊರು ಯಾವುದು ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದಳು:

"ನಿಮಗ ಎಲ್ಲಿ ಆಗ್ಯಾದ್ರೀ ಯಕ್ಕಾ ಕ್ಯಾನ್ಸರು? ನನಗ ಎದಿಗಿ ಆಗ್ಯಾದ."

ನಾನು ಸುಮ್ಮಸುಮ್ಮನೆ ಕೆಮ್ಮಿದೆ, ಅಕ್ಕನ ಸೆರಗು ಎಳೆದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ನನಗೂ ಎದೆಗೇ ಮಾರಾಯ್ತಿ. ಎಡಗಡೆ."

ಯಾವಾಗ ತಿಳಿಯಿತು ಎಂದು ಶರಣಮ್ಮ ಕೇಳಿದಳು. "ಆಪರೇಷನ್ ಆದ ಮರುದಿನವೇ," ಎಂದಳು ಅಕ್ಕ. "ಮನೆಯವರೆಲ್ಲ ನನ್ನ ಹತ್ತಿರ ಮೆಲ್ಲ ಮೆಲ್ಲ ಮಾತಾಡ್ಲಿಕ್ಕೆ ಶುರು ಮಾಡಿದ್ರಲ್ಲ."

ನಾನು ಅಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಗುಟ್ಟು ಕಾಯುತ್ತಿದ್ದವಳು ನಾನಲ್ಲ, ಅವಳು. ಆವತ್ತು ಕಾರಿನಲ್ಲಿ ಇನ್ನು ಬರುವುದಿಲ್ಲ ಎಂದದ್ದು ಯಾರಾದರೂ ಬಾಯಿ ಬಿಟ್ಟಾರು ಎಂಬ ಆಸೆಯಿಂದ ಎಂದು ವಾಪಸು ಬರುವಾಗ ಹೇಳಿದಳು. ತನಗೆ ತಿಳಿದಿದೆ ಎಂದು ಭಾವನಿಗೆ ಮಾತ್ರ ಹೇಳಬೇಡ, ಪಾಪ, ಅವರು ತಡೆದುಕೊಳ್ಳಲಾರರು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಒಳ್ಳೆಯ ಗಂಡ ಹೆಂಡತಿ!

ಬಣ್ಣ ಒಣಗಿದ ಮೇಲೂ ಅಕ್ಕ ಸೋಫಾದ ಕೋಣೆಗೆ ಹೋಗಲಿಲ್ಲ. ಇಬ್ಬರೂ ಬೆಂಚಿನಲ್ಲಿ ಕೂತು ಮಾತಾಡಿದ್ದೇ ಮಾತಾಡಿದ್ದು. ಉರಿಯುವ ಚರ್ಮ, ಉಡುಗುವ ಧೈರ್ಯ, ಕುಪ್ಪಸ ಹೇಗೆ ಹೊಲಿಸುವುದು, ಸತ್ತರೆ ಮನೆ ಏನಾದೀತು, ಎಲ್ಲವೂ. ತುಳುವಿನಲ್ಲಿ ತನ್ನವರ ಹತ್ತಿರ ಆಡಲಾಗದ್ದನ್ನೆಲ್ಲ ಅಕ್ಕ ಕನ್ನಡದಲ್ಲಿ ಒಬ್ಬ ಅಪರಿಚಿತಳ ಹತ್ತಿರ ಆಡುತ್ತಿದ್ದಳು. ಶರಣಮ್ಮ ಕೊಟ್ಟ ರೊಟ್ಟಿಯ ಚೂರು ಅವಳಿಗೆ ಸೇರುತ್ತಿತ್ತು. ಬರುವುದಿಲ್ಲ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಹಾಗೆಂದು ದುಡ್ಡಿಗೆ ಬೆಲೆಯೇ ಇಲ್ಲ ಎಂದು ಯಾರೂ ನನಗೆ ಹೇಳಬೇಡಿ. ಒಳಗಿನ ಯಂತ್ರ ಇಬ್ಬರಿಗೂ ಒಂದೇ, ಉರಿಯೂ ಒಂದೇ. ಆದರೆ ನಮ್ಮನ್ನು ಬೇಗ ಕರೆಯುತ್ತಿದ್ದರು, ಬೆಳಿಗ್ಗೆಯಿಂದ ಕಾದವಳು ಇನ್ನೂ ಕಾಯುತ್ತಿದ್ದಳು. ಸಾನಪಾಡಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಅವಳು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ ದಾಟಿ ಬಸ್ಸು, ಆಮೇಲೆ ಲೋಕಲ್ ರೈಲು, ಆ ನೂಕುನುಗ್ಗಲಲ್ಲಿ ಸುಟ್ಟ ಎದೆಗೆ ಕೈ ಅಡ್ಡ ಹಿಡಿದುಕೊಂಡು ಬರಬೇಕಿತ್ತು. ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಸೋಮವಾರ ಶರಣಮ್ಮ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅಕ್ಕ ಕಾರನ್ನು ಸಾನಪಾಡಾಕ್ಕೆ ತಿರುಗಿಸಲು ಹೇಳಿದಳು. ಆಗ ಅಲ್ಲಿ ಇದ್ದದ್ದು ಕೆಸರು, ಅರ್ಧ ಎದ್ದ ಗೋಡೆಗಳು, ಸಾಲು ತಗಡಿನ ಜೋಪಡಿಗಳು. ಕೇಳುತ್ತಾ ಹೋದಾಗ ಶರಣಮ್ಮ ತಲೆಯ ಮೇಲೆ ಕಲಸಿದ ಸಿಮೆಂಟು ತುಂಬಿದ ಬುಟ್ಟಿ ಹೊತ್ತು ಬರುತ್ತಿದ್ದಳು. ಕೆಲಸ ತಪ್ಪಿಸಿದರೆ ಜೋಪಡಿ ಖಾಲಿ ಮಾಡಿಸುತ್ತೇನೆ ಎಂದು ಕೂಲಿಯವರ ಮೇಲಿನ ಮುಕಾದಮ ಹೆದರಿಸಿದ್ದನಂತೆ. ಕರೆಂಟು ಸಾಕು ಅನ್ನಿಸಿತು ಎಂದು ನಕ್ಕಳು.

"ಮುಗಿಯುವವರೆಗೆ ನಮ್ಮ ಮನೆಯಲ್ಲಿರು," ಎಂದಳು ಅಕ್ಕ. "ಮಹಡಿಯಲ್ಲಿ ಕೋಣೆ ಖಾಲಿ ಉಂಟು. ನನ್ನ ಕಾರಿನಲ್ಲೇ ಹೋಗುವ."

ಶರಣಮ್ಮ ಅಲ್ಲೇ ಕೆಲಸ ಬಿಟ್ಟು ಬಂದಿದ್ದ ತನ್ನ ಗಂಡನ ಮುಖ ನೋಡಿದಳು. ಅವನು ಕೈ ಮುಗಿದು ನಿಂತಿದ್ದ. ಅವಳು ಬುಟ್ಟಿ ಇಳಿಸಿ ಹೇಳಿದ ಮಾತು ನನಗೆ ಇನ್ನೂ ಹಾಗೇ ನೆನಪಿದೆ: "ರೊಕ್ಕ ಇದ್ರೂ ಅಂಜಿಕಿ ಹೋಗಲ್ಲ ಅಂತ ನಿಮ್ಮನ್ನ ನೋಡಿ ತಿಳೀತು ಯಕ್ಕಾ. ಆದ್ರ ಅಂಜಿಕೊಂಡು ಮಲಗ್ಲಾಕ ಒಂದು ಹಾಸಿಗಿ ಸಿಗ್ತದ ನೋಡ್ರಿ."

ನಾವು ಮೂವರೂ ಆ ಕೆಸರಲ್ಲಿ ನಿಂತು ನಕ್ಕೆವು.

ಭಾವ ಬೇಡವೆನ್ನಲಿಲ್ಲ. ಅಕ್ಕ ಕೇಳಿದ್ದಕ್ಕೆ ಅವರು ಯಾವತ್ತೂ ಇಲ್ಲವೆಂದವರಲ್ಲ. ಒಂದು ಭಾನುವಾರ ಮಧ್ಯಾಹ್ನ ಹೋಟೆಲಿನಿಂದ ಅಕ್ಕನಿಗೆಂದು ತಿಂಡಿಯ ಡಬ್ಬಿ ಹಿಡಿದು ಬಂದರು. ನಾನು ಅಡುಗೆಮನೆಯಲ್ಲಿದ್ದೆ. ಒಳಕೋಣೆಯಲ್ಲಿ ಇಬ್ಬರು ಹೆಂಗಸರೂ ಜೋರಾಗಿ ನಗುತ್ತಿದ್ದರು. ಈ ಕ್ಯಾನ್ಸರಿಗೆ ಬಡವ ಬಲ್ಲಿದ ಎಂಬ ಮರ್ಯಾದೆಯೇ ಇಲ್ಲ ಎಂದು ಅಕ್ಕ ಏನೋ ತಮಾಷೆ ಮಾಡಿದಳು. ಭಾವ ಹೊಸ್ತಿಲಲ್ಲೇ ನಿಂತುಬಿಟ್ಟರು.

"ನಿನಗೆ ಯಾರು ಹೇಳಿದ್ದು?" ಎಂದು ತುಳುವಿನಲ್ಲಿ ಕೇಳಿದರು. ಮುಖದಲ್ಲಿ ಸಿಟ್ಟಿತ್ತು.

"ಯಾರೂ ಹೇಳ್ಲಿಲ್ಲ," ಎಂದಳು ಅಕ್ಕ. "ಅದೇ ನನಗೆ ಕಷ್ಟ ಆದದ್ದು."

ಭಾವನ ಸಿಟ್ಟು ಎಲ್ಲಿ ಹೋಯಿತೋ. ಡಬ್ಬಿಯನ್ನು ಕೆಳಗಿಟ್ಟು ನೆಲದ ಮೇಲೆ ಕುಳಿತು, ಕೆಲಸದವರ ಮುಂದೆ ಎಂದೂ ಗತ್ತು ಬಿಡದ ಮನುಷ್ಯ, ಬಿಕ್ಕಿ ಬಿಕ್ಕಿ ಅತ್ತರು. ಶರಣಮ್ಮ ಎದ್ದು ಮೆಲ್ಲಗೆ ನನ್ನ ಬಳಿ ಬಂದಳು. ಅಕ್ಕ ಭಾವನ ಪಕ್ಕದಲ್ಲಿ ಕುಳಿತು ಕೇಳಿದಳು:

"ಹೆದರಿಕೆ ಆಗ್ತದಾ?"

"ಆಗ್ತದೆ."

"ನನಗೂ. ಇನ್ನು ಇಬ್ಬರೂ ಒಟ್ಟಿಗೆ ಹೆದರುವ."

ಇಬ್ಬರ ಕರೆಂಟೂ ಪೂರ್ತಿ ಮುಗಿಯಿತು. ಶರಣಮ್ಮ ಅಕ್ಕನನ್ನು ತಬ್ಬಿಕೊಂಡು ಸಾನಪಾಡಾಕ್ಕೆ ಹೊರಟುಹೋದಳು. ಸ್ವಲ್ಪ ದಿನದ ಮೇಲೆ ನಾವು ನೋಡಲು ಹೋದರೆ ಕಟ್ಟಡ ಮುಗಿದಿತ್ತು, ಜೋಪಡಿಗಳು ಇರಲಿಲ್ಲ. ಆ ಗುಂಪು ಪನವೇಲ್ ಕಡೆಗೆ ಹೋಯಿತೆಂದು ಒಬ್ಬರು, ಊರಿಗೇ ಹೋಯಿತೆಂದು ಇನ್ನೊಬ್ಬರು ಹೇಳಿದರು.

ಅಕ್ಕ ಮತ್ತೆ ನಾಲ್ಕು ವರ್ಷ ಇದ್ದಳು. ಕಾಯಿಲೆ ತಿರುಗಿ ಬಂದಾಗ ಭಾವ ಅದನ್ನು ತಾವೇ ಅವಳಿಗೆ ಹೇಳಿದರು. ಹೋಗುವಾಗ ಅವಳ ಕೈ ಅವರ ಕೈಯಲ್ಲಿತ್ತು. ಈಗ ಅವಳ ದೊಡ್ಡ ಫೋಟೋ ಭಾವನ ಮನೆಯ ಪಡಸಾಲೆಯ ಗೋಡೆಯಲ್ಲಿದೆ, ವರ್ಷ ವರ್ಷ ತಿಥಿ ತಪ್ಪದೆ ನಡೆಯುತ್ತದೆ. ಶರಣಮ್ಮ ಇದ್ದಾಳೋ ಇಲ್ಲವೋ ಎಂಬುದೇ ನಮಗೆ ಗೊತ್ತಿಲ್ಲ. ವಿಳಾಸವೇ ಇಲ್ಲದವಳನ್ನು ಎಲ್ಲಿ ಎಂದು ಹುಡುಕುವುದು? ಖಾಡಿ ದಾಟಿ ಬಸ್ಸಿನಲ್ಲಿ ಹೋಗುವಾಗ ಸಾನಪಾಡಾದ ಹೊಸ ಕಟ್ಟಡಗಳ ಬಾಲ್ಕನಿಗಳಲ್ಲಿ ಬಟ್ಟೆ ಒಣಗುವುದು ಕಾಣುತ್ತದೆ. ಇವುಗಳಲ್ಲಿ ಅವಳು ಹೊತ್ತು ಕಟ್ಟಿದ್ದು ಯಾವುದೋ ಎಂದು ನೋಡುತ್ತೇನೆ. ಅವಳು ಎಲ್ಲಾದರೂ ಬದುಕಿರಲಿ ಎಂದು ಕೈ ಮುಗಿಯುತ್ತೇನೆ.